ವರ್ಡ್‌ನಲ್ಲಿ ಡಿಜಿಟಲ್ ಸ್ಕ್ರಾಪ್‌ಬುಕ್: ಫೋಟೋ ಜಾರದಂತೆ, ಪುಟ ಕೆಡದಂತೆ ಮಾಡುವ ಕ್ರಮ

ವರ್ಡ್‌ನಲ್ಲಿ ಸ್ಕ್ರಾಪ್‌ಬುಕ್ (ಫೋಟೋ, ಅಲಂಕಾರ, ಬರಹ ಜೋಡಿಸಿದ ನೆನಪಿನ ಪುಸ್ತಕ) ಮಾಡಲು ಹೊರಟ ಹೆಚ್ಚಿನವರು ಮೂರನೇ ಪುಟದ ಹೊತ್ತಿಗೆ ಕೈಬಿಡುತ್ತಾರೆ. ಕಾರಣವೂ ಎಲ್ಲರದ್ದೂ ಒಂದೇ. ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಿದರೆ ಎರಡನೇ ಪುಟದ ಫೋಟೋ ಮೂರನೆಯದಕ್ಕೆ ಹಾರುತ್ತದೆ. ಅದನ್ನು ಎಳೆದು ತಂದರೆ ಪಕ್ಕದ ಎರಡು ಫೋಟೋ ಎಲ್ಲಿಗೋ ಹೋಗಿರುತ್ತವೆ.

ವರ್ಡ್ ಇರುವುದು ಬರಹಕ್ಕಾಗಿ. ನೀವು ಫೋಟೋ ಸೇರಿಸಿದಾಗ ಅದನ್ನೂ ಒಂದು ದೊಡ್ಡ ಅಕ್ಷರ ಅಂತಲೇ ಸಾಲಿನೊಳಗೆ ಕೂರಿಸುತ್ತದೆ. ಸಾಲು ಸರಿದರೆ ಫೋಟೋನೂ ಸರಿಯುತ್ತದೆ. ಹಾಗಾಗಿ ಇಲ್ಲಿ ಹೇಳುವ ಎಲ್ಲ ಹಂತಗಳ ಹಿಂದೆ ಇರುವುದು ಒಂದೇ ನಿಯಮ: ಪುಟದಲ್ಲಿ ಹರಿಯುವ ಬರಹ ಇರಲೇಬಾರದು. ಹಿನ್ನೆಲೆ, ಫೋಟೋ, ಅಲಂಕಾರ, ಬರಹ, ಎಲ್ಲವೂ ಪುಟದ ಮೇಲೆ ತೇಲುವ ಬಿಡಿ ವಸ್ತುಗಳಾಗಿರಬೇಕು. ಅವನ್ನು ಅಡಿಯಿಂದ ಮೇಲಕ್ಕೆ, ಒಂದರ ಮೇಲೊಂದು ಜೋಡಿಸುತ್ತಾ ಬರಬೇಕು.

ಕ್ರಮ ತಪ್ಪಿಸಬೇಡಿ. ಬರಹ ಮೊದಲು ಟೈಪ್ ಮಾಡಿ, ಆಮೇಲೆ ಫೋಟೋ ತುರುಕುವುದೇ ಅರ್ಧ ತೊಂದರೆಗೆ ಮೂಲ.

## ಮೊದಲು ಏನೇನು ಬೇಕು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು, ಮೌಸ್ ಇದ್ದರೆ ಒಳ್ಳೆಯದು. ಫೋನಿನ ಆ್ಯಪ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬೆರಳಿನಲ್ಲಿ ಫೋಟೋವನ್ನು ಒಂದು ಮಿಲಿಮೀಟರ್ ಸರಿಸುವುದು ಆಗದ ಮಾತು, ಬೇಕಾದ ಆಯ್ಕೆಗಳಲ್ಲಿ ಹಲವು ಅಲ್ಲಿ ಇರುವುದೂ ಇಲ್ಲ.

ಇಲ್ಲಿನ ವಿವರಣೆ ವಿಂಡೋಸ್‌ನ ಮೈಕ್ರೋಸಾಫ್ಟ್ ವರ್ಡ್‌ಗೆ ಹೊಂದುತ್ತದೆ. ಲಿಬ್ರೆ ಆಫೀಸ್ ರೈಟರ್ ಉಚಿತ, ಅದರಲ್ಲೂ ಈ ಕೆಲಸ ಚೆನ್ನಾಗಿಯೇ ಆಗುತ್ತದೆ. ದಾರಿ ಬೇರೆಯಾಗುವಲ್ಲಿ ಹೇಳುತ್ತೇನೆ. ಗೂಗಲ್ ಡಾಕ್ಸ್ ಮಾತ್ರ ನನ್ನ ಆಯ್ಕೆಯಲ್ಲ. ಅಲ್ಲಿ ಬರಹದ ಪೆಟ್ಟಿಗೆಯನ್ನು ನೇರವಾಗಿ ಪುಟದ ಮೇಲೆ ಇಡಲು ಬರುವುದಿಲ್ಲ, ಡ್ರಾಯಿಂಗ್ ಕಿಟಕಿಯೊಳಗೆ ಹೋಗಿ ಮಾಡಿಕೊಂಡು ಬರಬೇಕು. ನಾಲ್ಕು ಪುಟಕ್ಕೆ ಸಾಕು, ಇಡೀ ಪುಸ್ತಕಕ್ಕೆ ತಾಳ್ಮೆ ಉಳಿಯುವುದಿಲ್ಲ.

## ಹಂತ 1: ಫೋಟೋಗಳನ್ನು ವರ್ಡ್‌ನ ಹೊರಗೇ ಸಿದ್ಧ ಮಾಡಿ

ಒಂದು ಫೋಲ್ಡರ್ ಮಾಡಿ. ಬೇಕಾದ ಫೋಟೋಗಳ ನಕಲನ್ನು ಮಾತ್ರ ಅದರೊಳಗೆ ಹಾಕಿ, ಮೂಲ ಫೋಟೋಗಳನ್ನು ಮುಟ್ಟಬೇಡಿ. ಹೆಸರನ್ನು ಪುಟದ ಲೆಕ್ಕದಲ್ಲಿ ಕೊಡಿ: 01-1, 01-2, 02-1, ಹೀಗೆ. ಸೊನ್ನೆ ಬಿಟ್ಟರೆ ಕೆಲವು ಕಡೆ 10ನೇ ಪುಟ 2ನೆಯದಕ್ಕಿಂತ ಮೊದಲು ಬಂದು ಕೂರುತ್ತದೆ.

ಒಂದು ಪುಟಕ್ಕೆ ಎಷ್ಟು ಫೋಟೋ? ಮೂರು ಸಾಕು, ಐದು ಜಾಸ್ತಿ. ಆರಿಸುವಾಗ ಬಿಗಿಯಾಗಿರಿ. ಒಂದೇ ಕ್ಷಣದ ನಾಲ್ಕು ಫೋಟೋ ಇದ್ದರೆ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಈಗ ಗುಣಮಟ್ಟದ ಲೆಕ್ಕ. ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಇರಬೇಕು ಅನ್ನುವುದು ಸಾಮಾನ್ಯ ಅಳತೆ. ಸೆಂಟಿಮೀಟರಿನಲ್ಲಿ ಹೇಳಿದರೆ ಸುಮಾರು 118 ಪಿಕ್ಸೆಲ್. ಪುಟದಲ್ಲಿ 10 ಸೆಂ.ಮೀ. ಅಗಲ ಕೂರಬೇಕಾದ ಫೋಟೋ ಹತ್ತಿರ ಹತ್ತಿರ 1,200 ಪಿಕ್ಸೆಲ್ ಅಗಲ ಇರಬೇಕು. ಅದರ ಅರ್ಧ ಇದ್ದರೂ ಹೇಗೋ ನಡೆಯುತ್ತದೆ. ಅದಕ್ಕೂ ಕಡಿಮೆ ಇದ್ದರೆ ಪರದೆಯಲ್ಲಿ ಚೆನ್ನಾಗಿ ಕಂಡರೂ ಕಾಗದದಲ್ಲಿ ಮಸುಕು. ಫೋಟೋದ ಪಿಕ್ಸೆಲ್ ತಿಳಿಯಲು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ನೋಡಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ವಾಟ್ಸ್ಯಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ. ಬೇರೆಯವರಿಂದ ಫೋಟೋ ತರಿಸಿಕೊಳ್ಳುವಾಗ 'ಡಾಕ್ಯುಮೆಂಟ್ ಆಗಿ ಕಳಿಸಿ' ಅಂತ ಹೇಳಿ, ಆಗ ಮೂಲ ಫೈಲೇ ಬರುತ್ತದೆ. ಇನ್ನೊಂದು, ಐಫೋನ್‌ನ ಎಚ್‌ಇಐಸಿ ಫೈಲ್‌ಗಳು. ಹಳೆಯ ವರ್ಡ್ ಅವನ್ನು ತೆರೆಯುವುದಿಲ್ಲ. ಮೊದಲೇ ಜೆಪೆಗ್‌ಗೆ ಬದಲಿಸಿಕೊಳ್ಳಿ.

ಬೆಳಕು ತಿದ್ದುವುದು, ನೇರ ಮಾಡುವುದು ಇದ್ದರೆ ಅದೂ ಈಗಲೇ ಮುಗಿಯಲಿ. ವರ್ಡ್‌ನಲ್ಲೂ ಅದಕ್ಕೆ ಆಯ್ಕೆಗಳಿವೆ, ಆದರೆ ಫೈಲ್ ಭಾರವಾಗುತ್ತಾ ಹೋಗುತ್ತದೆ.

## ಹಂತ 2: ವರ್ಡ್‌ನ ನಾಲ್ಕು ಸೆಟ್ಟಿಂಗ್ ಬದಲಿಸಿ

ಈ ಹಂತವನ್ನು ಬಿಡಬೇಡಿ. ಐದು ನಿಮಿಷದ ಕೆಲಸ, ಮುಂದಿನ ಗೋಳಿನಲ್ಲಿ ಬಹುಪಾಲನ್ನು ತಪ್ಪಿಸುತ್ತದೆ. ಎಲ್ಲವೂ ಇರುವುದು ಫೈಲ್ ಮೆನುವಿನ ಆಪ್ಷನ್ಸ್ ಒಳಗೆ. ಹೊಸ ಫೈಲ್ ತೆರೆದು ಒಮ್ಮೆ ಸೇವ್ ಮಾಡಿ, ಆಮೇಲೆ ಅಲ್ಲಿಗೆ ಹೋಗಿ. ಸೇವ್ ಮಾಡುವಾಗ ಡಾಕ್‌ಎಕ್ಸ್ ಮಾದರಿಯೇ ಇರಲಿ. ಹಳೆಯ ಡಾಕ್ ಮಾದರಿಯಲ್ಲಿ ಮುಂದೆ ಬೇಕಾಗುವ ಕೆಲವು ಆಯ್ಕೆಗಳು ಮಸುಕಾಗಿ, ಒತ್ತಿದರೂ ಕೆಲಸ ಮಾಡದೆ ಕೂರುತ್ತವೆ.

ಮೊದಲನೆಯದು, ಅಡ್ವಾನ್ಸ್ಡ್ ವಿಭಾಗದ 'ಕಟ್, ಕಾಪಿ ಆ್ಯಂಡ್ ಪೇಸ್ಟ್' ಗುಂಪು. ಅಲ್ಲಿ 'ಇನ್ಸರ್ಟ್/ಪೇಸ್ಟ್ ಪಿಕ್ಚರ್ಸ್ ಆ್ಯಸ್' ಎಂಬ ಕಡೆ 'ಇನ್ ಲೈನ್ ವಿತ್ ಟೆಕ್ಸ್ಟ್' ಇರುತ್ತದೆ. ಅದನ್ನು 'ಇನ್ ಫ್ರಂಟ್ ಆಫ್ ಟೆಕ್ಸ್ಟ್' ಮಾಡಿ. ಇನ್ನು ಮುಂದೆ ಸೇರಿಸುವ ಪ್ರತಿ ಫೋಟೋ ತೇಲುತ್ತಲೇ ಬರುತ್ತದೆ.

ಎರಡನೆಯದು, ಅದೇ ವಿಭಾಗದಲ್ಲಿ ಸ್ವಲ್ಪ ಕೆಳಗೆ 'ಇಮೇಜ್ ಸೈಜ್ ಆ್ಯಂಡ್ ಕ್ವಾಲಿಟಿ'. 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಎಂಬುದಕ್ಕೆ ಗುರುತು ಹಾಕಿ. ಹಾಕದಿದ್ದರೆ ಸೇವ್ ಮಾಡುವಾಗ ವರ್ಡ್ ನಿಮ್ಮನ್ನು ಕೇಳದೆಯೇ ಫೋಟೋಗಳನ್ನು ಕುಗ್ಗಿಸಬಹುದು. ಒಮ್ಮೆ ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ. ಇದು ಆ ಫೈಲ್‌ಗೆ ಮಾತ್ರ ಅನ್ವಯ, ಹೊಸ ಫೈಲ್ ತೆರೆದಾಗ ಮತ್ತೆ ನೋಡಿಕೊಳ್ಳಿ.

ಮೂರನೆಯದು, ಡಿಸ್‌ಪ್ಲೇ ವಿಭಾಗದ 'ಆಬ್ಜೆಕ್ಟ್ ಆ್ಯಂಕರ್ಸ್'. ಗುರುತು ಹಾಕಿದರೆ ಯಾವ ಫೋಟೋ ಯಾವ ಪ್ಯಾರಾಗೆ ಕಟ್ಟಿಕೊಂಡಿದೆ ಅಂತ ಪುಟ್ಟ ಲಂಗರಿನ ಚಿತ್ರ ತೋರಿಸುತ್ತದೆ. ನಾಲ್ಕನೆಯದು ಸೇವ್ ವಿಭಾಗದಲ್ಲಿ: 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್'. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರದ ರೂಪ ಬದಲಾಗದಿರಲು ಇದು ಬೇಕು.

ರೈಟರ್ ಬಳಸುವವರು ಫೋಟೋ ಸೇರಿಸಿದ ಮೇಲೆ ರೈಟ್ ಕ್ಲಿಕ್ ಮಾಡಿ, ಆ್ಯಂಕರ್ ಮೆನುವಿನಲ್ಲಿ 'ಟು ಪೇಜ್' ಆರಿಸಿಕೊಳ್ಳಿ. ಆಗ ಫೋಟೋ ಪ್ಯಾರಾಗೆ ಅಲ್ಲ, ನೇರ ಪುಟಕ್ಕೇ ಅಂಟಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ರೈಟರ್ ವರ್ಡ್‌ಗಿಂತ ಮೇಲು.

## ಹಂತ 3: ಪುಟದ ಅಳತೆ ತೀರ್ಮಾನಿಸಿ

ಅರ್ಧ ಕೆಲಸ ಆದಮೇಲೆ ಪುಟದ ಅಳತೆ ಬದಲಿಸಿದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕಾಗುತ್ತದೆ. ಆದ್ದರಿಂದ ಮೊದಲೇ ಕೇಳಿಕೊಳ್ಳಿ: ಇದು ಪರದೆಯಲ್ಲಿ ನೋಡಲಿಕ್ಕೋ, ಮುದ್ರಿಸಲಿಕ್ಕೋ?

ಕಾಗದದ ಸ್ಕ್ರಾಪ್‌ಬುಕ್‌ನ ರೂಢಿಯ ಅಳತೆ 12 ಇಂಚು ಚೌಕ, ಅಂದರೆ 30.5 ಸೆಂ.ಮೀ. ಪರದೆಯಲ್ಲಿ ನೋಡುವುದಕ್ಕೆ ಅದು ಸೊಗಸಾಗಿರುತ್ತದೆ. ಆದರೆ ಮನೆಯ ಪ್ರಿಂಟರ್‌ಗೆ ಹಿಡಿಯುವುದಿಲ್ಲ. ಎ4 ಕಾಗದ 21 × 29.7 ಸೆಂ.ಮೀ. ಮಾತ್ರ. ಚೌಕವೇ ಬೇಕು, ಮನೆಯಲ್ಲೇ ಮುದ್ರಿಸಬೇಕು ಅಂದರೆ 20 × 20 ಸೆಂ.ಮೀ. ಇಟ್ಟುಕೊಂಡು ಎ4 ಮೇಲೆ ಮುದ್ರಿಸಿ ಕತ್ತರಿಸಿ. ಹೆಚ್ಚಿನ ಪ್ರಿಂಟರ್‌ಗಳು ಕಾಗದದ ತುದಿಯವರೆಗೆ ಶಾಯಿ ಹಾಕುವುದಿಲ್ಲ, ಬಿಳಿ ಅಂಚು ಉಳಿಯುತ್ತದೆ. ಅದು ಬೇಡವಾದರೆ ಸ್ವಲ್ಪ ಒಳಗಿನಿಂದಲೇ ಕತ್ತರಿಸಬಹುದು.

ಮುದ್ರಣಾಲಯಕ್ಕೆ ಕೊಡುವುದಾದರೆ ಮೊದಲು ಅವರ ಅಳತೆ ಕೇಳಿ. ಸಾಮಾನ್ಯವಾಗಿ ನಾಲ್ಕೂ ಕಡೆ 3 ಮಿ.ಮೀ. ಜಾಸ್ತಿ ಕೇಳುತ್ತಾರೆ. ಅದು ಕತ್ತರಿಸಿ ಹೋಗುವ ಭಾಗ. ವರ್ಡ್‌ನಲ್ಲಿ ಅದಕ್ಕೆ ಪ್ರತ್ಯೇಕ ಆಯ್ಕೆ ಇಲ್ಲ. 20 ಸೆಂ.ಮೀ. ಪುಸ್ತಕಕ್ಕೆ ಪುಟವನ್ನೇ 20.6 ಸೆಂ.ಮೀ. ಮಾಡಿಕೊಳ್ಳಿ. ಮುಖ, ಬರಹ ಯಾವುದೂ ಅಂಚಿನಿಂದ ಒಂದು ಸೆಂಟಿಮೀಟರಿನೊಳಗೆ ಬರದಿರಲಿ. ಹೊಲಿಗೆ ಇಲ್ಲವೇ ಸುರುಳಿ ಹಾಕುವ ಬದಿಯಲ್ಲಿ ಇನ್ನೂ ಒಂದು ಸೆಂಟಿಮೀಟರ್ ಬಿಡಿ.

ಅಳತೆ ಕೊಡುವುದು ಲೇಔಟ್ ಟ್ಯಾಬ್‌ನಲ್ಲಿ: ಸೈಜ್, ಮೋರ್ ಪೇಪರ್ ಸೈಜಸ್. ಅಗಲ, ಎತ್ತರ ಎರಡನ್ನೂ ಬರೆಯಿರಿ. ವರ್ಡ್ ಒಪ್ಪುವ ಗರಿಷ್ಠ ಅಳತೆ 22 ಇಂಚು. ಮಾರ್ಜಿನ್ 1 ಸೆಂ.ಮೀ. ಇರಲಿ. ತೇಲುವ ಫೋಟೋಗಳಿಗೆ ಮಾರ್ಜಿನ್ ಅಡ್ಡಿ ಬರುವುದಿಲ್ಲ.

## ಹಂತ 4: ಖಾಲಿ ಪುಟಗಳನ್ನು ಮೊದಲೇ ಹುಟ್ಟಿಸಿ

ಇದೇ ಇಡೀ ಕೆಲಸದ ಕೀಲಿ. ಸ್ವಲ್ಪ ನಿಧಾನವಾಗಿ ಓದಿ.

ವರ್ಡ್‌ನಲ್ಲಿ ತೇಲುವ ವಸ್ತುವೂ ಪೂರ್ತಿ ಸ್ವತಂತ್ರವಲ್ಲ. ಅದು ಯಾವುದಾದರೂ ಒಂದು ಪ್ಯಾರಾಗೆ ಕಟ್ಟಿಕೊಂಡಿರಲೇಬೇಕು. ಆ ಪ್ಯಾರಾ ಬೇರೆ ಪುಟಕ್ಕೆ ಹೋದರೆ ಫೋಟೋವೂ ಹೋಗುತ್ತದೆ. ಪ್ಯಾರಾ ಅಳಿಸಿದರೆ ಫೋಟೋವೂ ಅಳಿಯುತ್ತದೆ. 'ಖಾಲಿ ಸಾಲು ಡಿಲೀಟ್ ಮಾಡಿದೆ, ಪುಟವೇ ಮಾಯವಾಯ್ತು' ಎನ್ನುವ ದೂರಿಗೆ ಕಾರಣ ಇದೇ.

ಹಾಗಾದರೆ ಏನು ಮಾಡಬೇಕು? ಒಂದು ಪುಟಕ್ಕೆ ಒಂದೇ ಒಂದು ಖಾಲಿ ಪ್ಯಾರಾ ಇರುವಂತೆ ನೋಡಿಕೊಳ್ಳಬೇಕು. ಆ ಪುಟದ ಎಲ್ಲ ವಸ್ತುಗಳೂ ಅದಕ್ಕೇ ಕಟ್ಟಿಕೊಳ್ಳುತ್ತವೆ, ಗೊಂದಲವೇ ಇರುವುದಿಲ್ಲ.

1. ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ. ಪ್ಯಾರಾ ಗುರುತುಗಳು ಕಾಣುತ್ತವೆ. ಕೆಲಸ ಮುಗಿಯುವವರೆಗೆ ಕಾಣುತ್ತಲೇ ಇರಲಿ, ಅವು ಮುದ್ರಣವಾಗುವುದಿಲ್ಲ.
2. ಮೊದಲ ಖಾಲಿ ಪ್ಯಾರಾದಲ್ಲಿ ಕರ್ಸರ್ ಇಟ್ಟು ರೈಟ್ ಕ್ಲಿಕ್ ಮಾಡಿ, ಪ್ಯಾರಾಗ್ರಾಫ್ ತೆರೆಯಿರಿ.
3. 'ಲೈನ್ ಆ್ಯಂಡ್ ಪೇಜ್ ಬ್ರೇಕ್ಸ್' ಟ್ಯಾಬ್‌ನಲ್ಲಿ 'ಪೇಜ್ ಬ್ರೇಕ್ ಬಿಫೋರ್' ಗುರುತು ಹಾಕಿ, ಓಕೆ ಒತ್ತಿ.
4. ಈಗ ಎಂಟರ್ ಒತ್ತಿ. ಒಂದೊಂದು ಸಲ ಒತ್ತಿದಾಗಲೂ ಒಂದು ಹೊಸ ಪುಟ ಹುಟ್ಟುತ್ತದೆ. ಎಷ್ಟು ಬೇಕೋ ಅಷ್ಟು ಮಾಡಿಕೊಳ್ಳಿ.

ಎಂಟರ್ ಮೇಲೆ ಎಂಟರ್ ಒತ್ತಿ ಸುಮ್ನೆ ಖಾಲಿ ಸಾಲುಗಳಿಂದ ಪುಟ ತುಂಬಿಸುವ ಅಭ್ಯಾಸವಿದ್ದರೆ ಅದನ್ನು ಇಲ್ಲಿಗೇ ಬಿಡಿ. ಒಂದು ಸಾಲು ಹೆಚ್ಚುಕಡಿಮೆಯಾದರೂ ಮುಂದಿನ ಪುಟಗಳೆಲ್ಲ ಜಾರುತ್ತವೆ.

ಇನ್ನೊಂದು ಲಾಭವಿದೆ. ಒಂದು ಪುಟದ ಪ್ಯಾರಾ ಗುರುತನ್ನು ಆಯ್ದು ಕಾಪಿ ಮಾಡಿ, ಮುಂದಿನ ಪ್ಯಾರಾದ ಆರಂಭದಲ್ಲಿ ಕರ್ಸರ್ ಇಟ್ಟು ಪೇಸ್ಟ್ ಮಾಡಿದರೆ, ಅದಕ್ಕೆ ಕಟ್ಟಿದ ಎಲ್ಲವೂ ಜೊತೆಗೆ ಬರುತ್ತವೆ. ಇಡೀ ಪುಟದ ನಕಲು ಸಿಕ್ಕಂತೆ.

ರೈಟರ್‌ನಲ್ಲಿ ಇಷ್ಟೆಲ್ಲ ಬೇಡ. ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ ಹೊಸ ಪುಟ ಬರುತ್ತದೆ, ಸಾಕು.

## ಹಂತ 5: ಹಿನ್ನೆಲೆ ಹಾಕಿ

ಡಿಸೈನ್ ಟ್ಯಾಬ್‌ನ 'ಪೇಜ್ ಕಲರ್' ಕಡೆ ಹೋಗಬೇಡಿ. ಅದು ಎಲ್ಲ ಪುಟಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಜೊತೆಗೆ, ಆಪ್ಷನ್ಸ್‌ನಲ್ಲಿ ಬೇರೆಯಾಗಿ ಹೇಳದಿದ್ದರೆ ಮುದ್ರಣದಲ್ಲಿ ಬರುವುದೇ ಇಲ್ಲ.

ಬದಲಿಗೆ, ಇನ್ಸರ್ಟ್ ಟ್ಯಾಬ್‌ನ ಶೇಪ್ಸ್‌ನಿಂದ ಒಂದು ಆಯತ ಎಳೆಯಿರಿ. ಶೇಪ್ ಫಾರ್ಮ್ಯಾಟ್‌ನಲ್ಲಿ ಅದರ ಅಳತೆಯನ್ನು ಪುಟದಷ್ಟೇ ಬರೆಯಿರಿ. ಅಂಚುಗೆರೆ ತೆಗೆದು, ಬಣ್ಣವನ್ನೋ ಕಾಗದದ ಚಿತ್ರವನ್ನೋ ತುಂಬಿ. ರ‍್ಯಾಪ್ ಟೆಕ್ಸ್ಟ್‌ನಲ್ಲಿ 'ಬಿಹೈಂಡ್ ಟೆಕ್ಸ್ಟ್' ಆರಿಸಿ. ಆಮೇಲೆ 'ಮೋರ್ ಲೇಔಟ್ ಆಪ್ಷನ್ಸ್' ತೆರೆದು, ಪೊಸಿಷನ್ ಟ್ಯಾಬ್‌ನಲ್ಲಿ ಅಡ್ಡಕ್ಕೆ 0, ಉದ್ದಕ್ಕೆ 0 ಕೊಟ್ಟು, ಎರಡಕ್ಕೂ 'ಪೇಜ್' ಆರಿಸಿ. ಅಲ್ಲಿ 'ಕಾಲಮ್' ಅಥವಾ 'ಪ್ಯಾರಾಗ್ರಾಫ್' ಅಂತ ಉಳಿದರೆ ಆಯತ ಒಂದು ಸೆಂಟಿಮೀಟರ್ ಆಚೆ ಕೂರುತ್ತದೆ.

ಇಡೀ ಪುಸ್ತಕಕ್ಕೆ ಒಂದೇ ಹಿನ್ನೆಲೆ ಸಾಕು ಅನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ. ಪುಟದ ತಲೆಭಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿ ಹೆಡರ್ ಒಳಗೆ ಹೋಗಿ, ಆಯತವನ್ನು ಅಲ್ಲಿಂದಲೇ ಸೇರಿಸಿ. ಅದು ಎಲ್ಲ ಪುಟಗಳಲ್ಲೂ ಬರುತ್ತದೆ, ಕೆಲಸ ಮಾಡುವಾಗ ಕೈಗೂ ಸಿಗುವುದಿಲ್ಲ. ಪರದೆಯಲ್ಲಿ ಸ್ವಲ್ಪ ಮಸುಕಾಗಿ ಕಾಣುತ್ತದೆ. ಗಾಬರಿ ಬೇಡ, ಮುದ್ರಣದಲ್ಲಿ ಪೂರ್ತಿ ಬಣ್ಣ ಬರುತ್ತದೆ.

ಬಣ್ಣ ಆರಿಸುವಾಗ ಆ ಪುಟದ ಮುಖ್ಯ ಫೋಟೋದಲ್ಲಿರುವ ಒಂದು ಬಣ್ಣದ ತಿಳಿ ಛಾಯೆ ತೆಗೆದುಕೊಳ್ಳಿ. ಹೂವು, ಚುಕ್ಕಿ, ಮಿಂಚು ತುಂಬಿದ ಹಿನ್ನೆಲೆಗಳು ಬಿಡಿಯಾಗಿ ನೋಡಲು ಚಂದ. ಅದರ ಮೇಲೆ ಫೋಟೋ ಇಟ್ಟ ಕೂಡಲೇ ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯುವುದಿಲ್ಲ.

## ಹಂತ 6: ಫೋಟೋಗಳನ್ನು ಕೂರಿಸಿ, ಅಲುಗದಂತೆ ಮಾಡಿ

ಆ ಪುಟದ ಖಾಲಿ ಪ್ಯಾರಾದಲ್ಲಿ ಕರ್ಸರ್ ಇಟ್ಟ ಮೇಲೆಯೇ ಫೋಟೋ ಸೇರಿಸಿ: ಇನ್ಸರ್ಟ್, ಪಿಕ್ಚರ್ಸ್. ಬ್ರೌಸರ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡಬೇಡಿ, ಎಷ್ಟೋ ಸಲ ಚಿಕ್ಕ ನಕಲು ಬಂದಿರುತ್ತದೆ.

ದೊಡ್ಡ ಫೋಟೋ ಮೊದಲು. ಅದಕ್ಕೆ ಪುಟದ ಅರ್ಧದಷ್ಟಾದರೂ ಜಾಗ ಕೊಡಿ. ಉಳಿದ ಎರಡು ಅದರ ಸುತ್ತ ಚಿಕ್ಕದಾಗಿ ಬರಲಿ. ಎಲ್ಲ ಫೋಟೋ ಒಂದೇ ಅಳತೆಯಲ್ಲಿದ್ದರೆ ಪುಟ ಗುರುತಿನ ಚೀಟಿಗಳ ಹಾಳೆಯಂತೆ ಕಾಣುತ್ತದೆ.

ಅಳತೆ ಬದಲಿಸಲು ಮೂಲೆಯ ಹಿಡಿಕೆಯನ್ನೇ ಎಳೆಯಿರಿ. ಬದಿಯ ಹಿಡಿಕೆ ಎಳೆದರೆ ಮುಖಗಳು ಅಗಲವಾಗುತ್ತವೆ ಇಲ್ಲವೇ ಉದ್ದವಾಗುತ್ತವೆ. ಆಕಾರ ಬದಲಾಗಬೇಕಿದ್ದರೆ ಕ್ರಾಪ್ (ಬೇಡದ ಭಾಗ ಕತ್ತರಿಸುವ ಆಯ್ಕೆ) ಬಳಸಿ. ಕ್ರಾಪ್ ಬಾಣದ ಕೆಳಗೆ 'ಆಸ್ಪೆಕ್ಟ್ ರೇಶಿಯೋ' 1:1 ಕೊಟ್ಟರೆ ಚೌಕ, 'ಕ್ರಾಪ್ ಟು ಶೇಪ್' ಕೊಟ್ಟರೆ ವೃತ್ತ, ಹೃದಯ ಏನು ಬೇಕೋ ಅದು.

ಸ್ವಲ್ಪ ಓರೆ ಮಾಡಿದರೆ ಕೈಯಿಂದ ಅಂಟಿಸಿದ ಹಾಗೆ ಕಾಣುತ್ತದೆ. 2ರಿಂದ 5 ಡಿಗ್ರಿ ಸಾಕು. ಎಳೆದು ತಿರುಗಿಸುವ ಬದಲು ಸೈಜ್ ಟ್ಯಾಬ್‌ನ ರೊಟೇಶನ್‌ನಲ್ಲಿ ಅಂಕಿ ಬರೆಯಿರಿ. ಎಲ್ಲವನ್ನೂ ಓರೆ ಮಾಡಬೇಡಿ, ಒಂದಾದರೂ ನೇರ ನಿಲ್ಲಬೇಕು.

ಜಾಗ ಸರಿಯಾದ ಕೂಡಲೇ ಬೀಗ ಹಾಕಿ. ಫೋಟೋ ಮೇಲೆ ಕ್ಲಿಕ್ ಮಾಡಿದಾಗ ಪಕ್ಕದಲ್ಲಿ ಬರುವ ಲೇಔಟ್ ಆಪ್ಷನ್ಸ್ ಗುಂಡಿಯಲ್ಲಿ 'ಫಿಕ್ಸ್ ಪೊಸಿಷನ್ ಆನ್ ಪೇಜ್' ಆರಿಸಿ. ಆಮೇಲೆ 'ಸೀ ಮೋರ್' ಒತ್ತಿ, ಪೊಸಿಷನ್ ಟ್ಯಾಬ್‌ನಲ್ಲಿ 'ಲಾಕ್ ಆ್ಯಂಕರ್' ಗುರುತು ಹಾಕಿ, 'ಅಲೋ ಓವರ್‌ಲ್ಯಾಪ್' ಕೂಡ ಇದೆಯೇ ನೋಡಿ. ಅದಿಲ್ಲದಿದ್ದರೆ ಒಂದು ಫೋಟೋದ ಮೇಲೆ ಇನ್ನೊಂದನ್ನು ಇಡಲು ಹೋದಾಗ ಪಕ್ಕಕ್ಕೆ ತಳ್ಳುತ್ತದೆ.

ಬೀಗ ಹಾಕಿದ ಫೋಟೋವನ್ನು ಬೇರೆ ಪುಟಕ್ಕೆ ಒಯ್ಯಬೇಕೆಂದರೆ ಎಳೆಯಬೇಡಿ. ಕಟ್ ಮಾಡಿ, ಆ ಪುಟದ ಪ್ಯಾರಾದಲ್ಲಿ ಕರ್ಸರ್ ಇಟ್ಟು ಪೇಸ್ಟ್ ಮಾಡಿ.

ಕ್ರಾಪ್ ಬಗ್ಗೆ ಒಂದು ಎಚ್ಚರಿಕೆ. ಕತ್ತರಿಸಿದ ಭಾಗ ಕಾಣುವುದಿಲ್ಲ ಅಷ್ಟೇ, ಫೈಲ್‌ನೊಳಗೆ ಹಾಗೇ ಇರುತ್ತದೆ. ವರ್ಡ್ ಫೈಲ್ ಪಡೆದವರು ಯಾರು ಬೇಕಾದರೂ ಅದನ್ನು ವಾಪಸ್ ತರಬಹುದು. ಪಕ್ಕದಲ್ಲಿ ನಿಂತ ಮಗುವನ್ನೋ, ಮನೆಯ ವಿಳಾಸದ ಫಲಕವನ್ನೋ ಕತ್ತರಿಸಿದ್ದರೆ 'ಕಂಪ್ರೆಸ್ ಪಿಕ್ಚರ್ಸ್' ತೆರೆದು 'ಡಿಲೀಟ್ ಕ್ರಾಪ್ಡ್ ಏರಿಯಾಸ್' ಮಾಡಿ. ರೆಸಲ್ಯೂಶನ್ ಆಯ್ಕೆಯಲ್ಲಿ ಮಾತ್ರ 'ಹೈ ಫಿಡೆಲಿಟಿ' ಇರಲಿ.

## ಹಂತ 7: ಅಲಂಕಾರ, ಪದರಗಳು

ಹೊರಗಿನಿಂದ ಚಿತ್ರ ಇಳಿಸಿಕೊಳ್ಳದೆಯೂ ಬೇಕಾದಷ್ಟು ಮಾಡಬಹುದು.

ಟೇಪ್ ಬೇಕೇ? 3 × 1 ಸೆಂ.ಮೀ. ಆಯತ ಎಳೆದು, ತಿಳಿ ಹಳದಿ ತುಂಬಿ, ಟ್ರಾನ್ಸ್‌ಪರೆನ್ಸಿ (ಹಿಂದಿನದು ಎಷ್ಟು ಕಾಣಬೇಕು ಅನ್ನುವ ಅಳತೆ) ಶೇಕಡಾ 40 ಕೊಟ್ಟು, ಫೋಟೋದ ಮೂಲೆಯಲ್ಲಿ ಓರೆಯಾಗಿಡಿ. ತಕ್ಷಣದ ಕ್ಯಾಮೆರಾದ ಫೋಟೋದಂತೆ ಬಿಳಿ ಚೌಕಟ್ಟು ಬೇಕಿದ್ದರೆ 9 × 11 ಸೆಂ.ಮೀ. ಬಿಳಿ ಆಯತದ ಮೇಲೆ 8 × 8 ಫೋಟೋ ಕೂರಿಸಿ. ಮೇಲೆ, ಪಕ್ಕ ಅರ್ಧ ಸೆಂಟಿಮೀಟರ್, ಕೆಳಗೆ ಎರಡೂವರೆ ಉಳಿಯುತ್ತದೆ. ಬರೆಯಲು ಜಾಗವೂ ಸಿಕ್ಕಿತು. ಹರಿದ ಕಾಗದದ ಅಂಚು ಬೇಕಿದ್ದರೆ ಶೇಪ್ಸ್‌ನ 'ಫ್ರೀಫಾರ್ಮ್: ಸ್ಕ್ರಿಬಲ್' ತೆಗೆದುಕೊಂಡು ಕೈ ನಡುಗಿಸುತ್ತಾ ಎಳೆಯಿರಿ. ಇಲ್ಲಿ ಕೈ ಸ್ಥಿರವಾಗಿರದಿದ್ದರೇ ಲಾಭ.

ವಸ್ತುಗಳು ಜಾಸ್ತಿಯಾದಂತೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗೊಂದಲ ಶುರುವಾಗುತ್ತದೆ. ಆಗ ಆಲ್ಟ್ ಹಿಡಿದು ಎಫ್10 ಒತ್ತಿ. ಬಲಬದಿಯಲ್ಲಿ ಸೆಲೆಕ್ಷನ್ ಪೇನ್ ತೆರೆಯುತ್ತದೆ. ಪುಟದ ಎಲ್ಲ ವಸ್ತುಗಳ ಪಟ್ಟಿ ಅಲ್ಲಿರುತ್ತದೆ. ಹೆಸರನ್ನು ಮೇಲೆ ಕೆಳಗೆ ಎಳೆದರೆ ಪದರ ಬದಲಾಗುತ್ತದೆ. ಕಣ್ಣಿನ ಚಿತ್ರ ಒತ್ತಿದರೆ ಆ ವಸ್ತು ತಾತ್ಕಾಲಿಕವಾಗಿ ಮರೆಯಾಗುತ್ತದೆ. ಹಿಂದೆ ಸಿಕ್ಕಿಕೊಂಡ ವಸ್ತುವನ್ನು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. 'ರೆಕ್ಟ್ಯಾಂಗಲ್ 14' ಎಂಬಂಥ ಹೆಸರುಗಳನ್ನು 'ಟೇಪ್', 'ಚೌಕಟ್ಟು' ಅಂತ ಬದಲಿಸಿಕೊಳ್ಳಿ.

ಒಂದು ಫೋಟೋ, ಅದರ ಚೌಕಟ್ಟು, ಟೇಪ್ ಮೂರೂ ಸೇರಿ ಒಂದಾದ ಮೇಲೆ ಕಂಟ್ರೋಲ್ ಹಿಡಿದು ಮೂರನ್ನೂ ಆಯ್ದು, ರೈಟ್ ಕ್ಲಿಕ್ ಮಾಡಿ ಗ್ರೂಪ್ ಕೊಡಿ. ಪವರ್‌ಪಾಯಿಂಟ್ ಅಭ್ಯಾಸದಿಂದ ಕಂಟ್ರೋಲ್ ಜಿ ಒತ್ತಬೇಡಿ, ವರ್ಡ್‌ನಲ್ಲಿ ಅದು ಪುಟ ಹುಡುಕುವ ಕಿಟಕಿ ತೆರೆಯುತ್ತದೆ. ಗ್ರೂಪ್ ಆಯ್ಕೆ ಮಸುಕಾಗಿ ಕಂಡರೆ ಆಯ್ದವುಗಳಲ್ಲಿ ಯಾವುದೋ ಒಂದು ಇನ್ನೂ ಸಾಲಿನೊಳಗೇ ಕೂತಿದೆ ಅಂತ ಅರ್ಥ.

## ಹಂತ 8: ಬರಹ ಕೊನೆಗೆ

ಪುಟದ ಮೇಲೆ ನೇರವಾಗಿ ಟೈಪ್ ಮಾಡಬೇಡಿ. ಪ್ರತಿ ಬರಹವೂ ಟೆಕ್ಸ್ಟ್ ಬಾಕ್ಸ್ ಒಳಗೇ ಇರಬೇಕು: ಇನ್ಸರ್ಟ್, ಟೆಕ್ಸ್ಟ್ ಬಾಕ್ಸ್, ಡ್ರಾ ಟೆಕ್ಸ್ಟ್ ಬಾಕ್ಸ್. 'ನೋ ಫಿಲ್', 'ನೋ ಔಟ್‌ಲೈನ್' ಮಾಡಿದರೆ ಪೆಟ್ಟಿಗೆ ಕಾಣುವುದಿಲ್ಲ. ಅದಕ್ಕೂ ಫೋಟೋಗಳಂತೆಯೇ ಬೀಗ ಹಾಕಿ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಮೂರು ತೊಂದರೆ ಎದುರಾಗುತ್ತವೆ. ಒಂದು, ಒತ್ತಕ್ಷರದ ತಲೆಯೋ ಬಾಲವೋ ಕತ್ತರಿಸಿ ಹೋಗುವುದು. ಸಾಲಿನ ಅಂತರ 'ಎಕ್ಸಾಕ್ಟ್ಲಿ' ಎಂದಿದ್ದರೆ ಹೀಗಾಗುತ್ತದೆ. ಅದನ್ನು 'ಸಿಂಗಲ್' ಅಥವಾ 'ಮಲ್ಟಿಪಲ್' 1.15 ಮಾಡಿ. ಎರಡು, ಅಕ್ಷರದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುವುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಬಳಸಿದಾಗ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇದೇ ಗತಿ. ನಿರ್ಮಲಾ ಯುಐ, ನೋಟೋ ಸೆರಿಫ್ ಕನ್ನಡ, 'ಬಾಲೂ ತಮ್ಮ' ಮುಂತಾದ ಯೂನಿಕೋಡ್ ಫಾಂಟ್ ಬಳಸಿ. ಮೂರು, ಫಾಂಟ್ ಬದಲಿಸಿದರೂ ಅಕ್ಷರ ಬದಲಾಗದಿರುವುದು. ಕಂಟ್ರೋಲ್ ಡಿ ಒತ್ತಿ ಫಾಂಟ್ ಕಿಟಕಿ ತೆರೆದು, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಕಡೆಯೂ ಅದೇ ಫಾಂಟ್, ಅದೇ ಅಳತೆ ಕೊಡಿ.

ಶೀರ್ಷಿಕೆಗೆ ಒಂದು ಫಾಂಟ್, ಟಿಪ್ಪಣಿಗೆ ಇನ್ನೊಂದು. ಮೂರನೆಯದು ಬೇಡ. ಟಿಪ್ಪಣಿ 11ರಿಂದ 14 ಪಾಯಿಂಟ್, ಶೀರ್ಷಿಕೆ 36ರ ಮೇಲೆ. ಫೋಟೋದ ಮೇಲೇ ಬರೆಯಬೇಕಿದ್ದರೆ ಪೆಟ್ಟಿಗೆಗೆ ಬಿಳಿ ತುಂಬಿ, ಶೇಕಡಾ 30 ಟ್ರಾನ್ಸ್‌ಪರೆನ್ಸಿ ಕೊಡಿ.

ಏನು ಬರೆಯಬೇಕು ಅನ್ನುವುದು ನಿಮಗೆ ಬಿಟ್ಟದ್ದು. 'ಸುಂದರ ನೆನಪು' ಅಂತ ಮಾತ್ರ ಬರೆಯಬೇಡಿ, ಅದು ಫೋಟೋ ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಯಾರು, ಎಲ್ಲಿ, ಯಾವಾಗ, ಜೊತೆಗೆ ಫೋಟೋದಲ್ಲಿ ಕಾಣದ ಒಂದು ಸಂಗತಿ ಇರಲಿ. ದಿನಾಂಕ ಮರೆತಿದ್ದರೆ ಮೂಲ ಫೋಟೋದ ಪ್ರಾಪರ್ಟೀಸ್‌ನಲ್ಲಿ 'ಡೇಟ್ ಟೇಕನ್' ನೋಡಿ.

## ಹಂತ 9: ಒಂದು ಪುಟದಿಂದ ಹತ್ತು ಪುಟ

ಪ್ರತಿ ಪುಟವನ್ನೂ ಹೊಸದಾಗಿ ಕಟ್ಟುವ ಅಗತ್ಯವಿಲ್ಲ. ಮೂರು ಬಗೆಯ ಪುಟಗಳನ್ನು ಚೆನ್ನಾಗಿ ಮಾಡಿಕೊಂಡು, ಹಂತ 4ರಲ್ಲಿ ಹೇಳಿದಂತೆ ನಕಲು ಮಾಡುತ್ತಾ ಹೋಗಿ. ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ 'ಚೇಂಜ್ ಪಿಕ್ಚರ್' ಕೊಟ್ಟರೆ ಅದೇ ಜಾಗಕ್ಕೆ ಹೊಸ ಫೋಟೋ ಬರುತ್ತದೆ. ಅಡ್ಡ ಫೋಟೋ ಇದ್ದ ಕಡೆ ಉದ್ದದ್ದು ಬಂದರೆ ಕ್ರಾಪ್ ಮತ್ತೆ ಸರಿಮಾಡಬೇಕು.

ಇಷ್ಟೆಲ್ಲ ತಲೆಬಿಸಿ ಬೇಡ, ಸಾಲಾಗಿ ಆರು ಫೋಟೋ ಜೋಡಿಸಿದರೆ ಸಾಕು ಅನ್ನುವ ಪುಟವಿದ್ದರೆ ಟೇಬಲ್ ಹಾಕಿ. ಟೇಬಲ್ ಆಪ್ಷನ್ಸ್‌ನಲ್ಲಿ 'ಆಟೋಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್' ತೆಗೆದುಹಾಕಿ, ಗೆರೆ ಅಳಿಸಿ. ಫೋಟೋ ಸಾಲಿನೊಳಗೆ ಇರಬಹುದಾದ ಜಾಗ ಇದೊಂದೇ. ಅದಕ್ಕೆ ರ‍್ಯಾಪ್ ಟೆಕ್ಸ್ಟ್‌ನಲ್ಲಿ 'ಇನ್ ಲೈನ್ ವಿತ್ ಟೆಕ್ಸ್ಟ್' ಅಂತ ಬದಲಿಸಿಕೊಳ್ಳಿ.

ಹತ್ತು ಹದಿನೈದು ಪುಟವಾದ ಮೇಲೆ ಹೊಸ ಫೈಲ್ ಶುರುಮಾಡಿ. ಒಂದೇ ಫೈಲ್‌ನಲ್ಲಿ ನೂರು ದೊಡ್ಡ ಫೋಟೋ ತುಂಬಿದರೆ ವರ್ಡ್ ತೆವಳತೊಡಗುತ್ತದೆ. ಪುಟ ಸರಿಸಿದಾಗ ಫೋಟೋಗಳು ತಡವಾಗಿ ಮೂಡುತ್ತಿದ್ದರೆ ಅದೇ ಸೂಚನೆ. ಕಂಟ್ರೋಲ್ ಎಸ್ ಒತ್ತುತ್ತಲೇ ಇರಿ. ದಿನದ ಕೊನೆಗೆ ಎಫ್12 ಒತ್ತಿ ಬೇರೆ ಹೆಸರಿನಲ್ಲಿ ಒಂದು ನಕಲು ಇಡಿ. ವರ್ಡ್‌ನ ಆಟೋ ರಿಕವರ್ ಮಾಮೂಲಿಯಾಗಿ 10 ನಿಮಿಷಕ್ಕೊಮ್ಮೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ.

## ಕೆಟ್ಟಾಗ ಎಲ್ಲಿ ನೋಡಬೇಕು

ಫೋಟೋ ಒಂದು ತೆಳು ಪಟ್ಟಿಯಂತೆ ಮಾತ್ರ ಕಾಣುತ್ತಿದೆ. ಫೋಟೋ ಸಾಲಿನೊಳಗಿದೆ, ಸಾಲಿನ ಅಂತರ 'ಎಕ್ಸಾಕ್ಟ್ಲಿ' ಆಗಿದೆ. ಫೋಟೋವನ್ನು 'ಇನ್ ಫ್ರಂಟ್ ಆಫ್ ಟೆಕ್ಸ್ಟ್' ಮಾಡಿ.

ಎಲ್ಲ ಫೋಟೋಗಳೂ ಒಮ್ಮೆಲೇ ಕಾಣೆ. ಅಳಿಸಿಹೋಗಿಲ್ಲ. ವ್ಯೂ ಟ್ಯಾಬ್‌ನಲ್ಲಿ ಡ್ರಾಫ್ಟ್‌ಗೆ ಹೋಗಿರುತ್ತೀರಿ. ಪ್ರಿಂಟ್ ಲೇಔಟ್‌ಗೆ ವಾಪಸ್ ಬನ್ನಿ.

ಕೊನೆಯಲ್ಲಿ ಬೇಡದ ಖಾಲಿ ಪುಟ. ಅಲ್ಲೊಂದು ಪ್ಯಾರಾ ಗುರುತು ಉಳಿದಿದೆ. ಅಳಿಸುವ ಮುನ್ನ ಅದಕ್ಕೆ ಯಾವುದೂ ಕಟ್ಟಿಕೊಂಡಿಲ್ಲ ಅಂತ ಸೆಲೆಕ್ಷನ್ ಪೇನ್‌ನಲ್ಲಿ ನೋಡಿ.

## ಹಂತ 10: ಪಿಡಿಎಫ್ ಮಾಡಿ, ಆಮೇಲೆ ಮುದ್ರಿಸಿ

ವರ್ಡ್ ಫೈಲನ್ನು ಯಾರಿಗೂ ಕಳಿಸಬೇಡಿ, ಮುದ್ರಣಾಲಯಕ್ಕೂ ಕೊಡಬೇಡಿ. ಬೇರೆ ಆವೃತ್ತಿಯ ವರ್ಡ್‌ನಲ್ಲಿ ತೆರೆದರೆ ನಿಮ್ಮ ಜೋಡಣೆ ಹಾಗೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಫೈಲ್, ಎಕ್ಸ್‌ಪೋರ್ಟ್, ಪಿಡಿಎಫ್ ಕೊಟ್ಟು, 'ಸ್ಟ್ಯಾಂಡರ್ಡ್' ಆರಿಸಿ. 'ಮಿನಿಮಮ್ ಸೈಜ್' ಪರದೆಗೆ ಮಾತ್ರ. ರೈಟರ್‌ನಲ್ಲಿ ಪಿಡಿಎಫ್ ಕಿಟಕಿಯ 'ರೆಡ್ಯೂಸ್ ಇಮೇಜ್ ರೆಸಲ್ಯೂಶನ್' 300ಕ್ಕಿಂತ ಕೆಳಗಿಲ್ಲ ಅಂತ ನೋಡಿಕೊಳ್ಳಿ.

ಪಿಡಿಎಫ್ ತೆರೆದು ಶೇಕಡಾ 200ಕ್ಕೆ ಹಿಗ್ಗಿಸಿ ಪ್ರತಿ ಪುಟವನ್ನೂ ನೋಡಿ. ಮುಖಗಳು ಚೌಕ ಚೌಕವಾಗಿ ಒಡೆದಿದ್ದರೆ ಆ ಫೋಟೋದ ಮೂಲ ಚಿಕ್ಕದು. ಪುಟದಲ್ಲಿ ಅದರ ಅಳತೆ ಕಡಿಮೆ ಮಾಡಿ. ಫೋನಿನಲ್ಲೂ ಒಮ್ಮೆ ತೆರೆಯಿರಿ. ಕನ್ನಡ ಅಕ್ಷರ ಸರಿಯಾಗಿ ಬಂದರೆ ಫಾಂಟ್ ಒಳಗೆ ಸೇರಿದೆ ಅಂತ ಖಾತ್ರಿ.

ಮುದ್ರಿಸುವಾಗ 'ಆ್ಯಕ್ಚುಯಲ್ ಸೈಜ್' ಇರಲಿ. 'ಫಿಟ್' ಇದ್ದರೆ ಪ್ರಿಂಟರ್ ತನಗೆ ಬೇಕಾದಂತೆ ಪುಟವನ್ನು ಕುಗ್ಗಿಸುತ್ತದೆ ಇಲ್ಲವೇ ಹಿಗ್ಗಿಸುತ್ತದೆ. ಮಡಚಿ ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಒಟ್ಟು ಪುಟ ನಾಲ್ಕರ ಮಗ್ಗಿಯಲ್ಲಿರಬೇಕು: 8, 12, 16, 20.

ಕಾಗದದಲ್ಲಿ ಬಣ್ಣ ಪರದೆಯಷ್ಟು ಹೊಳೆಯುವುದಿಲ್ಲ. ಅದರಲ್ಲೂ ಕಡು ನೀಲಿ, ಎಳೆ ಹಸಿರು ಮಂಕಾಗುತ್ತವೆ. ಎಲ್ಲವನ್ನೂ ಮುದ್ರಿಸುವ ಮೊದಲು ಅತಿ ಕಪ್ಪಾದ ಫೋಟೋ ಇರುವ ಒಂದು ಪುಟವನ್ನು ಅದೇ ಕಾಗದದಲ್ಲಿ ತೆಗೆದು ನೋಡಿ. ಕಪ್ಪು ಕೂದಲು, ನೆರಳು ಎಲ್ಲ ಒಂದೇ ಮುದ್ದೆಯಾಗಿ ಬಂದರೆ ಆ ಪುಸ್ತಕದ ಫೋಟೋಗಳನ್ನು ಸ್ವಲ್ಪ ಬೆಳಕು ಮಾಡಿ, 'ಚೇಂಜ್ ಪಿಕ್ಚರ್' ಮೂಲಕ ಬದಲಿಸಿ, ಪಿಡಿಎಫ್ ಮತ್ತೆ ತೆಗೆಯಿರಿ.